ಗಡಿನಾಡ ವಿದ್ಯಾರ್ಥಿ, ಅಂತರ್ಜಾಲದ ಕನ್ನಡ: ನಂಬುವುದು ಯಾವುದನ್ನು?

ಕಾಸರಗೋಡು: ಸೆಮಿನಾರಿಗೆ ಇನ್ನು ಎರಡೇ ದಿನ. ವಿಷಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳು. ಕಾಲೇಜು ಗ್ರಂಥಾಲಯದಲ್ಲಿರುವ ಒಂದೇ ಪ್ರತಿಯನ್ನು ಯಾರೋ ಕೊಂಡೊಯ್ದಿದ್ದಾರೆ. ಮೊಬೈಲ್ ತೆರೆದು ಹೆಸರು ಬರೆದರೆ ಅರೆ ನಿಮಿಷದಲ್ಲಿ ಹತ್ತಾರು ಪುಟಗಳು ಸಾಲುಗಟ್ಟುತ್ತವೆ. ಒಂದರಲ್ಲಿದ್ದುದೇ ಇನ್ನೊಂದರಲ್ಲಿ, ಅಕ್ಷರದ ತಪ್ಪೂ ಸಹಿತ. ಬರೆದವರ ಹೆಸರಿಲ್ಲ, ಯಾವ ಪುಸ್ತಕದಿಂದ ತೆಗೆದದ್ದೆಂಬ ಮಾತಿಲ್ಲ. ಅದನ್ನೇ ನಕಲಿಳಿಸಿ, ಅಕ್ಷಯ ಕೇಂದ್ರದಲ್ಲಿ ಪ್ರಿಂಟ್ ತೆಗೆಸಿ, ಕ್ಲಿಪ್ ಹಾಕಿ ಒಪ್ಪಿಸಿದರೆ ಕೆಲಸ ಮುಗಿಯಿತು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕನ್ನಡ ಓದುವ ಮಕ್ಕಳಿರುವ ಮನೆಗಳಿಗೆ ಇದು ಹೊಸ ಸಂಗತಿಯೇನಲ್ಲ.

ಹಿಂದೆ ಇದನ್ನು ಮಕ್ಕಳ ಸೋಮಾರಿತನ ಎಂದು ಬಿಟ್ಟುಬಿಡಬಹುದಿತ್ತು. ಈಗ ಹಾಗಿಲ್ಲ. ಕೇರಳದಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷಗಳ ಪದವಿ ಕ್ರಮ ಜಾರಿಗೆ ಬಂದಿದೆ. ಪಾಠ ಕೇಳಿ ಪರೀಕ್ಷೆ ಬರೆದರೆ ಸಾಲದು. ಸ್ವಂತ ಅಧ್ಯಯನ, ಪ್ರಬಂಧ, ಪ್ರಾಜೆಕ್ಟುಗಳಿಗೆ ಹೆಚ್ಚಿನ ಸ್ಥಾನ ಸಿಕ್ಕಿದೆ. ಮಲಯಾಳ ಅಥವಾ ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಬೇಕಾದ ಸಾಮಗ್ರಿ ರಾಜ್ಯದೊಳಗೇ ಧಾರಾಳವಾಗಿದೆ. ಕನ್ನಡ ಓದುವವರ ಪುಸ್ತಕ ಮಾತ್ರ ಗಡಿಯಾಚೆ ಮಂಗಳೂರು, ಮೈಸೂರು, ಹಂಪಿಯಲ್ಲಿ. ಹೀಗಿರುವಾಗ ಅಂತರ್ಜಾಲವೇ ಅವರ ಗ್ರಂಥಾಲಯ. ಆ ಗ್ರಂಥಾಲಯದಲ್ಲಿ ಯಾವ ಕಪಾಟು ಗಟ್ಟಿ, ಯಾವುದಕ್ಕೆ ಗೆದ್ದಲು ಹಿಡಿದಿದೆ ಎಂದು ತಿಳಿಯದೆ ಹೋದರೆ ಅವರ ಪದವಿಯೇ ಟೊಳ್ಳಾದೀತು.

ಎರಡು ರಾಜ್ಯಗಳ ನಡುವೆ

ಕಾಸರಗೋಡಿನ ಕನ್ನಡ ಸಾಹಿತ್ಯಕ್ಕೆ ಒಂದು ವಿಚಿತ್ರ ಸಂಕಟವಿದೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಕೇರಳದ ಡಿಜಿಟಲ್ ಯೋಜನೆಗಳ ಮೊದಲ ಗಮನ ಸಹಜವಾಗಿಯೇ ಮಲಯಾಳದ ಕಡೆಗೆ. ಕರ್ನಾಟಕದ ಯೋಜನೆಗಳ ಮೊದಲ ಗಮನ ಆ ರಾಜ್ಯದ ಜಿಲ್ಲೆಗಳ ಕಡೆಗೆ. ಇಲ್ಲಿನ ಲೇಖಕರು ಎರಡೂ ಪಟ್ಟಿಯ ಅಂಚಿನಲ್ಲಿ ನಿಲ್ಲುತ್ತಾರೆ. ದೊಡ್ಡ ಹೆಸರುಗಳಿಗೆ ತೊಂದರೆಯಿಲ್ಲ. ಮಂಜೇಶ್ವರದ ಗೋವಿಂದ ಪೈ, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈ ಎಲ್ಲೆಡೆ ಇದ್ದಾರೆ. ಅವರ ಬಗೆಗಿನ ವಿವರವಾದರೂ ಸರಿಯಿದೆಯೇ ಎಂಬುದೇ ಪ್ರಶ್ನೆ.

ಗೋವಿಂದ ಪೈಗಳಿಗೆ 'ರಾಷ್ಟ್ರಕವಿ' ಗೌರವ ಸಂದದ್ದು 1949ರಲ್ಲಿ. ಕೊಟ್ಟದ್ದು ಮದ್ರಾಸ್ ಸರಕಾರ. ಆಗ ದಕ್ಷಿಣ ಕನ್ನಡ, ಕಾಸರಗೋಡು ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಗಡಿನಾಡ ಚರಿತ್ರೆ ಗೊತ್ತಿದ್ದವರಿಗೆ ಇದು ಸರಳ. ಗೊತ್ತಿಲ್ಲದವನು 'ಕನ್ನಡದ ಕವಿ, ಹಾಗಾದರೆ ಕರ್ನಾಟಕ ಸರಕಾರವೇ ಕೊಟ್ಟಿರಬೇಕು' ಎಂದು ಊಹಿಸುತ್ತಾನೆ. ಊಹೆ ಒಂದು ಪುಟದಲ್ಲಿ ಅಚ್ಚಾದರೆ ಸಾಕು, ಉಳಿದ ಹತ್ತು ಪುಟಗಳಿಗೆ ಅದೇ ಆಧಾರ.

ಪಾರ್ತಿಸುಬ್ಬನ ವಿಚಾರ ಇನ್ನೂ ಸೂಕ್ಷ್ಮ. ಕುಂಬಳೆ ಸೀಮೆಯ ಈ ಕವಿಯನ್ನು ಯಕ್ಷಗಾನದ ಪಿತಾಮಹ ಎಂದು ಕೊಂಡಾಡುವ ಪುಟಗಳಿಗೆ ಲೆಕ್ಕವಿಲ್ಲ. ಆದರೆ ಆತನ ಹೆಸರಿನಲ್ಲಿರುವ ಪ್ರಸಂಗಗಳು ನಿಜಕ್ಕೂ ಆತನವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ವಾದವೇ ನಡೆದಿದೆ. ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರು ಕುಂಬಳೆಯ ಸುಬ್ಬನ ಪರವಾಗಿ ನಿಂತರೆ, ಶಿವರಾಮ ಕಾರಂತರು ಆ ಕರ್ತೃತ್ವವನ್ನೇ ಪ್ರಶ್ನಿಸಿದರು. ಈ ವಾದವನ್ನು ತಿಳಿಯುವುದೇ ಸಾಹಿತ್ಯಾಧ್ಯಯನ. ಒಂದೇ ಸಾಲಿನಲ್ಲಿ ತೀರ್ಪು ಕೊಡುವ ಪುಟವನ್ನು ಓದಿದ ವಿದ್ಯಾರ್ಥಿಗೆ ವಾದವಿತ್ತೆಂಬುದೂ ತಿಳಿಯುವುದಿಲ್ಲ. 'ಕವಿರಾಜಮಾರ್ಗ'ದ ಕತೆಯೂ ಇದೇ. ಬರೆದವನು ನೃಪತುಂಗನೇ, ಆತನ ಆಸ್ಥಾನದ ಶ್ರೀವಿಜಯನೇ ಎಂಬ ಚರ್ಚೆಯನ್ನು ನುಂಗಿಹಾಕಿದ ಪುಟವನ್ನು ಅಲ್ಲಿಗೇ ಮುಚ್ಚುವುದು ಒಳ್ಳೆಯದು.

ಗಟ್ಟಿ ಕಪಾಟುಗಳು ಯಾವುವು?

ಹಾಗೆಂದು ಅಂತರ್ಜಾಲದ ಕನ್ನಡವೆಲ್ಲ ಜೊಳ್ಳಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಹೆಚ್ಚು ಸದ್ದಿಲ್ಲದೆ ದೊಡ್ಡ ಕೆಲಸ ನಡೆದಿದೆ.

ವಚನ ಸಾಹಿತ್ಯಕ್ಕೆ 'ವಚನ ಸಂಚಯ' ಇದೆ. ಕರ್ನಾಟಕ ಸರಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳನ್ನು ಆಧರಿಸಿ ಸ್ವಯಂಸೇವಕರು ಕಟ್ಟಿದ ಈ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳಿವೆ. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ತೋರಿಸುತ್ತದೆ. ವಾಟ್ಸ್‌ಆಪ್‌ನಲ್ಲಿ ಬೆಳಗಿನ ಶುಭಾಶಯದೊಂದಿಗೆ ಬರುವ 'ಬಸವಣ್ಣನವರ ವಚನ' ನಿಜವೋ ಸುಳ್ಳೋ ಎಂದು ನೋಡಲು ಇಷ್ಟು ಸಾಕು. ಮೊದಲ ಪರೀಕ್ಷೆ ಅಂಕಿತ. ಬಸವಣ್ಣನಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಸೊಲ್ಲಾಪುರದ ಸಿದ್ಧರಾಮನಿಗೆ ಕಪಿಲಸಿದ್ಧಮಲ್ಲಿಕಾರ್ಜುನ. ಅಂಕಿತ ಹೊಂದಿದ ಮಾತ್ರಕ್ಕೆ ವಚನ ಅಸಲಿ ಎನ್ನುವಂತಿಲ್ಲ, ಅಂಕಿತವನ್ನು ಯಾರೂ ಅಂಟಿಸಬಹುದು. ಆದರೆ ಅಂಕಿತವೇ ಹೊಂದದಿದ್ದರೆ ಅಲ್ಲಿಯೇ ಸಂಶಯಪಡಬೇಕು.

ಪದದ ಅರ್ಥಕ್ಕೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲ್ ನಿಘಂಟು ಇಂದಿಗೂ ಹಳಸಿಲ್ಲ; ಅದರ ಸ್ಕ್ಯಾನ್ ಪ್ರತಿಗಳು ಉಚಿತವಾಗಿ ಸಿಗುತ್ತವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' ಹೆಸರಿನಲ್ಲಿ 2019ರಿಂದ ಮುಕ್ತವಾಗಿದೆ. ಅದರಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' 2016ರಲ್ಲಿ ಆರಂಭವಾಯಿತು. ಹಲವು ನಿಘಂಟುಗಳನ್ನು ಒಟ್ಟಿಗೆ ಹುಡುಕಲು ಅನುಕೂಲ. ಕರ್ನಾಟಕ ಸರಕಾರದ 'ಕಣಜ'ದಲ್ಲಿ ವಿಷಯವಾರು ಲೇಖನ, ಪುಸ್ತಕಗಳಿವೆ.

ವಿಶ್ವಕೋಶ ಮಾದರಿಯ ಮಾಹಿತಿಗೆ ಎಲ್ಲರೂ ಮೊದಲು ಹೋಗುವುದು ವಿಕಿಪೀಡಿಯಕ್ಕೆ. ಅದು ಆರಂಭಕ್ಕೆ ಒಳ್ಳೆಯದು, ಕೊನೆಗಲ್ಲ. ಲೇಖನದ ಕೆಳಗೆ ಕೊಟ್ಟ ಉಲ್ಲೇಖಗಳನ್ನು ಹಿಡಿದು ಮೂಲಕ್ಕೆ ಹೋಗುವವನು ಗೆದ್ದ, ಲೇಖನವನ್ನೇ ಮೂಲವೆಂದು ಬರೆದವನು ಸೋತ. ಅದರ ಸೋದರ ತಾಣ ವಿಕಿಸೋರ್ಸ್ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಲ್ಲಿ ಇಡೀ ಪುಸ್ತಕಗಳೇ ಇವೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಗೆ ಒಳಪಡಿಸಿದ್ದರಿಂದ ಅದರ ಬರಹಗಳೂ ಅಲ್ಲಿಗೆ ಬಂದವು.

ಅದೇ ವರ್ಷ ನಿರಂಜನರ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಅವರ ಕುಟುಂಬದವರು ಮುಕ್ತವಾಗಿ ಬಿಟ್ಟುಕೊಟ್ಟರು. ಇದರಲ್ಲಿ ಕಾಸರಗೋಡಿಗೆ ಒಂದು ವಿಶೇಷವಿದೆ. 1941ರ ಕಯ್ಯೂರು ರೈತ ಹೋರಾಟ, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದ ನಾಲ್ವರು ಯುವಕರು – ಈ ಜಿಲ್ಲೆಯದೇ ಕತೆಯನ್ನು ನಿರಂಜನರು 'ಚಿರಸ್ಮರಣೆ' ಕಾದಂಬರಿ ಮಾಡಿದರು. ಮಲಯಾಳದಲ್ಲೂ ಅದು ಮನೆಮಾತಾಯಿತು. ಮಲಯಾಳದಲ್ಲಿ ಓದಿದ ನೆರೆಮನೆಯ ಗೆಳೆಯನೂ ಕನ್ನಡದಲ್ಲಿ ಓದಿದ ಹುಡುಗಿಯೂ ಒಂದೇ ಪುಸ್ತಕದ ಬಗ್ಗೆ ವಾದ ಮಾಡಬಹುದಾದ ಅವಕಾಶ ಬೇರೆ ಯಾವ ಜಿಲ್ಲೆಗಿದೆ?

ವಿಕಿಸೋರ್ಸ್‌ನಲ್ಲಿ ನಂಬಿಕೆಯ ಗುರುತೂ ಇದೆ. ಪುಸ್ತಕದ ಪ್ರತಿ ಪುಟಕ್ಕೂ ಬಣ್ಣ. ಕೆಂಪು ಎಂದರೆ ಯಾರೂ ತಿದ್ದಿಲ್ಲ. ಹಳದಿ ಎಂದರೆ ಒಬ್ಬರು ಮೂಲದೊಂದಿಗೆ ಹೋಲಿಸಿ ತಿದ್ದಿದ್ದಾರೆ. ಹಸಿರು ಎಂದರೆ ಇನ್ನೊಬ್ಬರೂ ಪರಿಶೀಲಿಸಿದ್ದಾರೆ. ಪಕ್ಕದಲ್ಲೇ ಮೂಲ ಪುಟದ ಚಿತ್ರವಿರುತ್ತದೆ. ಸಂಶಯ ಬಂದರೆ ಕಣ್ಣಾರೆ ನೋಡಬಹುದು.

ಸಂಶೋಧನೆಗೆ 'ಶೋಧಗಂಗಾ' ದೊಡ್ಡ ಆಸರೆ. ಪಿಎಚ್.ಡಿ. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಸೇರುತ್ತಿವೆ. ಹಳೆಯ ಮುದ್ರಣಗಳಿಗೆ ಇಂಟರ್ನೆಟ್ ಆರ್ಕೈವ್ ಇದೆ. ಹಿಂದಿನ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ಸಾವಿರಾರು ಪುಸ್ತಕಗಳು ಈಗ ಸಿಗುವುದು ಅಲ್ಲಿಯೇ. ಬಾಸೆಲ್ ಮಿಶನ್ ಕಾಲದ ಮುದ್ರಣಗಳಿಗೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಪೋರ್ಟಲ್ ಉಂಟು. ಮಲಯಾಳಕ್ಕೆಂದು ಹೆಸರಾದರೂ ಕನ್ನಡ, ತುಳು ಪುಸ್ತಕಗಳೂ ಅದರಲ್ಲಿವೆ. ಯಕ್ಷಗಾನದವರಿಗೆ 'ಯಕ್ಷವಾಹಿನಿ' ಸಂಸ್ಥೆಯ ಸ್ವಯಂಸೇವಕರು ಪ್ರಸಂಗಗಳನ್ನು ಗಣಕೀಕರಿಸಿ ಕೊಟ್ಟಿದ್ದಾರೆ.

ಇದ್ದೂ ಸಿಗದ ಪುಸ್ತಕ

ಇಷ್ಟೆಲ್ಲ ಇದ್ದೂ ಹುಡುಕಿದರೆ ಸಿಗುವುದಿಲ್ಲ ಎಂಬ ದೂರು ಏಕೆ? ಕಾರಣ ಮೂರು.

ಒಂದು, ಅಕ್ಷರಶೈಲಿ. 2000ದ ದಶಕದಲ್ಲಿ ಕನ್ನಡದ ಬಹುಪಾಲು ಕೆಲಸ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತ ಕ್ರಮದಲ್ಲಿ ನಡೆಯಿತು. ಕಣ್ಣಿಗೆ ಕನ್ನಡ, ಗಣಕಯಂತ್ರಕ್ಕೆ ಅದು ಅಡ್ಡಾದಿಡ್ಡಿ ರೋಮನ್ ಅಕ್ಷರ. ಯುನಿಕೋಡ್‌ಗೆ ಪರಿವರ್ತಿಸದ ಆ ಕಡತಗಳು ಹುಡುಕುಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಶೋಧಗಂಗಾದ ಅನೇಕ ಕನ್ನಡ ಪ್ರಬಂಧಗಳಿಗೂ ಇದೇ ಗತಿ. ಅಲ್ಲಿ ಒಳಗಿನ ಮಾತನ್ನು ಹುಡುಕದೆ ವಿಶ್ವವಿದ್ಯಾಲಯ, ವಿಭಾಗ, ಮಾರ್ಗದರ್ಶಕರ ಹೆಸರು ಹಿಡಿದು ಇಳಿಯುವುದೇ ದಾರಿ.

ಎರಡು, ಹೆಸರು. ಆರ್ಕೈವ್‌ನ ಹಳೆಯ ಕನ್ನಡ ಪುಸ್ತಕಗಳ ಶೀರ್ಷಿಕೆ ಎಷ್ಟೋ ಕಡೆ ರೋಮನ್ ಲಿಪಿಯಲ್ಲಿ, ಬೆರಳಚ್ಚು ಮಾಡಿದವರಿಗೆ ತೋಚಿದ ಕಾಗುಣಿತದಲ್ಲಿದೆ. ಕನ್ನಡದಲ್ಲಿ ಹುಡುಕಿ ಸಿಗದಿದ್ದರೆ ರೋಮನ್‌ನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆದು ನೋಡಬೇಕು.

ಮೂರು, ಚಿತ್ರವನ್ನು ಅಕ್ಷರವಾಗಿಸುವ ತಂತ್ರಾಂಶದ ತಪ್ಪು. 'ಪ' 'ವ' ಆಗುತ್ತದೆ, 'ಮ' 'ವು' ಆಗುತ್ತದೆ, ಅನುಸ್ವಾರ ಸೊನ್ನೆಯಾಗುತ್ತದೆ. ಹೀಗೆ ಬಂದ ಪಠ್ಯವನ್ನು ಮೂಲ ಪುಟ ನೋಡದೆ ಉಲ್ಲೇಖಿಸಿದರೆ ಕವಿಯ ಬಾಯಲ್ಲಿ ಯಂತ್ರದ ಮಾತು ಇಟ್ಟಂತೆ.

ಮಲಯಾಳ ಬಲ್ಲವರಿಗೊಂದು ಲಾಭ

ಹಳಗನ್ನಡದ ಪಠ್ಯದಲ್ಲಿ ಇನ್ನೊಂದು ತೊಡಕಿದೆ. ಪಂಪ, ರನ್ನರ ಕಾಲದ ಕನ್ನಡದಲ್ಲಿ ೞ, ಱ ಎಂಬ ಅಕ್ಷರಗಳಿದ್ದವು. ಅನೇಕ ತಾಣಗಳಲ್ಲಿ ಕೀಲಿಮಣೆಯಲ್ಲಿ ಸಿಗಲಿಲ್ಲವೆಂದೋ, ಓದುವವರಿಗೆ ಕಷ್ಟವೆಂದೋ ಅವನ್ನು ಳ, ರ ಎಂದು ಬದಲಿಸಿಬಿಟ್ಟಿದ್ದಾರೆ. ಆದರೆ 'ಅೞಿ' ಎಂದರೆ ನಾಶವಾಗು, 'ಅಳಿ' ಎಂದರೆ ದುಂಬಿ. ಅಕ್ಷರ ತಪ್ಪಿದರೆ ಅರ್ಥವೇ ಪಲ್ಲಟ.

ಇಲ್ಲಿ ಗಡಿನಾಡ ಮಗು ಬೆಂಗಳೂರಿನ ಮಗುವಿಗಿಂತ ಒಂದು ಹೆಜ್ಜೆ ಮುಂದೆ. ಮಲಯಾಳದಲ್ಲಿ ಈ ಎರಡೂ ಅಕ್ಷರಗಳು ಇಂದಿಗೂ ಜೀವಂತ. ಬಸ್ಸಿನ ಬೋರ್ಡಿನಲ್ಲಿ, ಅಂಗಡಿ ಫಲಕದಲ್ಲಿ ದಿನವೂ ಕಾಣುವಂಥವು. ಮಲಯಾಳದ 'ಮೞ' ಹಳಗನ್ನಡದ 'ಮೞೆ', ಇಂದಿನ ಮಳೆ. ಮಲಯಾಳದ 'ಏೞ್' ಹಳಗನ್ನಡದ 'ಏೞು', ಇಂದಿನ ಏಳು. 'ಆಱ್' ಹಳಗನ್ನಡದ 'ಆಱು', ಇಂದಿನ ಆರು. ಮಲಯಾಳ ಬಲ್ಲ ಕನ್ನಡ ವಿದ್ಯಾರ್ಥಿ ಹಳೆಯ ಕಾವ್ಯದಲ್ಲಿ 'ಮಳೆ' ಎಂದು ಕಂಡರೆ ಪಠ್ಯವನ್ನು ಯಾರೋ ಸರಳಗೊಳಿಸಿದ್ದಾರೆ ಎಂದು ತಕ್ಷಣ ಹಿಡಿಯಬಲ್ಲ. ಎರಡು ಭಾಷೆ ಹೊರೆ ಎಂದು ಗೊಣಗುವವರು ಈ ಲಾಭವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯಂತ್ರ ಹೇಳಿದ ಉತ್ತರ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಮಸ್ಯೆಗೆ ಹೊಸ ಮುಖ ಬಂದಿದೆ. ಈಗ ಪುಟ ಹುಡುಕುವ ಶ್ರಮವೂ ಬೇಡ, ಕೇಳಿದರೆ ಯಂತ್ರವೇ ಬರೆದು ಕೊಡುತ್ತದೆ. ಭಾಷೆ ನಯವಾಗಿದೆ, ತಡವರಿಕೆಯಿಲ್ಲ. ಅಪಾಯ ಇರುವುದು ಅಲ್ಲೇ. ಈ ಯಂತ್ರಗಳು ಪುಸ್ತಕ ತೆರೆದು ನೋಡಿ ಹೇಳುವುದಲ್ಲ. ಯಾವ ಪದದ ನಂತರ ಯಾವುದು ಬರಬಹುದು ಎಂಬ ಲೆಕ್ಕದಲ್ಲಿ ವಾಕ್ಯ ಕಟ್ಟುತ್ತವೆ. ಇಂಗ್ಲಿಷಿನಲ್ಲಿ ಕಲಿಯಲು ಸಿಕ್ಕ ಸಾಮಗ್ರಿ ಅಪಾರ, ಕನ್ನಡದಲ್ಲಿ ಬಹಳ ಕಡಿಮೆ. ಸಾಮಗ್ರಿ ಕಡಿಮೆಯಿರುವಲ್ಲಿ ಊಹೆ ಜಾಸ್ತಿ. ಇಲ್ಲದ ವಚನವನ್ನು ಅಂಕಿತ ಸಹಿತ ಹೊಸೆದು ಕೊಡಬಲ್ಲವು, ಇಲ್ಲದ ಪುಸ್ತಕಕ್ಕೆ ಪ್ರಕಾಶಕರನ್ನೂ ಹುಟ್ಟಿಸಬಲ್ಲವು.

ಕೆಲವು ಯಂತ್ರಗಳು ಈಗ ಜಾಲವನ್ನು ಹುಡುಕಿ ಮೂಲದ ಕೊಂಡಿಯನ್ನೂ ಕೊಡುತ್ತವೆ. ಒಳ್ಳೆಯದೇ. ಕೊಂಡಿ ತೆರೆದು ನೋಡಿದರೆ ಮಾತ್ರ ಒಳ್ಳೆಯದು. ಕಷ್ಟದ ಪದ್ಯದ ಅನ್ವಯ ಕೇಳಲು, ಹುಡುಕಬೇಕಾದ ಪದಗಳ ಪಟ್ಟಿ ಮಾಡಲು ಯಂತ್ರ ನೆರವಾದೀತು. ಸಾಕ್ಷಿ ಹೇಳಲು ಅದನ್ನು ಕರೆಯಬಾರದು. ಅದು ಕೊಟ್ಟ ಪ್ರತಿ ಉದ್ಧರಣೆಯೂ ಮುದ್ರಿತ ಪುಸ್ತಕದಲ್ಲೋ, ಮೂಲ ಪುಟದ ಚಿತ್ರದಲ್ಲೋ ಸಿಗುವವರೆಗೆ ಗಾಳಿಮಾತೇ.

ಹಾಗಾದರೆ ಪರೀಕ್ಷೆ ಹೇಗೆ? ಅಡಿಕೆ ವ್ಯಾಪಾರಿಯ ಹಾಗೆ. ಚೀಲದ ಮೇಲಿನದ್ದು ನೋಡಿ ಆತ ದರ ಹೇಳುವುದಿಲ್ಲ, ಕೈ ಒಳಗೆ ಹಾಕಿ ತೆಗೆದು ಕತ್ತರಿಸಿ ನೋಡುತ್ತಾನೆ. ಬರೆದವರು ಅಥವಾ ಸಂಪಾದಿಸಿದವರು ಯಾರು? ಯಾವ ಮುದ್ರಣದ ಪಠ್ಯ? ಮೂಲ ಪುಟ ಕಾಣಿಸುತ್ತದೆಯೇ? ಬೇರೆ ಬೇರೆ ಎರಡು ಮೂಲಗಳು ಅದನ್ನೇ ಹೇಳುತ್ತವೆಯೇ? ಒಂದನ್ನೊಂದು ನಕಲು ಮಾಡಿದ ಹತ್ತು ಪುಟಗಳು ಹತ್ತು ಸಾಕ್ಷಿಯಲ್ಲ, ಒಂದೇ.

ಉಚಿತವೆಲ್ಲ ನ್ಯಾಯವಲ್ಲ

ಟೆಲಿಗ್ರಾಂ ಗುಂಪುಗಳಲ್ಲಿ ಈಗಿನ ಲೇಖಕರ ಪುಸ್ತಕಗಳೂ ಹರಿದಾಡುತ್ತಿವೆ. ಅದು ಕಾನೂನುಬಾಹಿರ, ಮೇಲಾಗಿ ಕನ್ನಡದ ಸಣ್ಣ ಪ್ರಕಾಶಕರ ಹೊಟ್ಟೆಗೆ ಹೊಡೆಯುವ ಕೆಲಸ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕಯ್ಯಾರರು ತೀರಿಕೊಂಡದ್ದು 2015ರ ಆಗಸ್ಟಿನಲ್ಲಿ. ಅವರ ಕೃತಿಗಳ ಹಕ್ಕು 2075ರ ಕೊನೆಯವರೆಗೆ ಉಂಟು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ತೀರಿಕೊಂಡದ್ದು 1986ರಲ್ಲಿ; ಅವರದು 2046ರವರೆಗೆ.

ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6ರಂದು. ಲೆಕ್ಕ ಹಾಕಿದರೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕು 2023ರ ಡಿಸೆಂಬರ್ 31ಕ್ಕೆ ಮುಗಿಯಿತು. 2024ರ ಜನವರಿ 1ರಿಂದ ಅವು ಎಲ್ಲರ ಸೊತ್ತು. ನಂತರ ಪ್ರಕಟವಾದ ಬರಹಗಳಿಗೆ, ಸಂಪಾದಕರ ಮುನ್ನುಡಿ ಟಿಪ್ಪಣಿಗಳಿಗೆ ಬೇರೆ ಲೆಕ್ಕ. ಆದರೆ 1930ರ 'ಗಿಳಿವಿಂಡು' ಕವನ ಸಂಕಲನವನ್ನು ಯಾರು ಬೇಕಾದರೂ ಸ್ಕ್ಯಾನ್ ಮಾಡಿ, ತಿದ್ದಿ, ಹಂಚಬಹುದು. ಈ ದಿನ ಗಡಿನಾಡಿನಲ್ಲಿ ಹೆಚ್ಚು ಸದ್ದಿಲ್ಲದೆ ಕಳೆದುಹೋಯಿತು.

ಮಾಡಬೇಕಾದವರು ಯಾರು?

ಮಂಜೇಶ್ವರದಲ್ಲಿ ಗೋವಿಂದ ಪೈ ಹೆಸರಿನ ಸರಕಾರಿ ಕಾಲೇಜಿದೆ, ಅವರ ಮನೆಯಂಗಳದಲ್ಲಿ 'ಗಿಳಿವಿಂಡು' ಸ್ಮಾರಕವಿದೆ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗಗಳಿವೆ. ಪದವಿ ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡುವುದುಂಟು. ಎಲ್ಲಿಂದಲೋ ನಕಲಿಳಿಸಿದ ಐವತ್ತು ಪುಟಕ್ಕಿಂತ, ಗೋವಿಂದ ಪೈಗಳ ಐವತ್ತು ಪುಟಗಳನ್ನು ಮೂಲದೊಂದಿಗೆ ಹೋಲಿಸಿ ವಿಕಿಸೋರ್ಸ್‌ನಲ್ಲಿ ಹಸಿರು ಮಾಡುವುದು ಎಷ್ಟೋ ಮೇಲಾದ ಪ್ರಾಜೆಕ್ಟ್. ಒಂದು ತರಗತಿ ಎರಡು ವರ್ಷ ಮನಸ್ಸು ಮಾಡಿದರೆ ಒಬ್ಬ ಕವಿ ಪೂರ್ತಿ ಸಿಕ್ಕಾನು. ಮಲಯಾಳದವರು ಮಾಡಿ ತೋರಿಸಿದ್ದೂ ಇದನ್ನೇ. ಅಲ್ಲಿ ಹಳೆಯ ಪುಸ್ತಕಗಳು ಜಾಲಕ್ಕೆ ಬಂದುದರ ಹಿಂದೆ ಸ್ವಯಂಸೇವಕರ ದೊಡ್ಡ ಪಡೆಯೇ ಇದೆ.

ಗ್ರಾಮ ಗ್ರಂಥಾಲಯಗಳ ಪಾಲೂ ಇದೆ. ಕೇರಳದ ಲೈಬ್ರರಿ ಕೌನ್ಸಿಲ್ ವ್ಯವಸ್ಥೆಯಿಂದ ಊರೂರಲ್ಲಿ ವಾಚನಾಲಯಗಳಿವೆ. ನಂಬಬಹುದಾದ ಕನ್ನಡ ತಾಣಗಳ ಒಂದು ಪುಟದ ಪಟ್ಟಿಯನ್ನು ಗೋಡೆಗೆ ಅಂಟಿಸಲು ಅನುದಾನ ಬೇಕಿಲ್ಲ. ಹಳೆಯ ಸ್ಮರಣ ಸಂಚಿಕೆ, ಶಾಲಾ ಪತ್ರಿಕೆ, ಯಕ್ಷಗಾನ ಸಂಘಗಳ ಹೊತ್ತಗೆಗಳು ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುವ ಮೊದಲು ಅವನ್ನು ಸ್ಕ್ಯಾನ್ ಮಾಡಿಸಲು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕೈಜೋಡಿಸಿದರೆ, ವೇದಿಕೆ ಕಾರ್ಯಕ್ರಮಗಳಿಗೆ ಆಗುವ ಖರ್ಚಿಗಿಂತ ಅದು ಹೆಚ್ಚು ಕಾಲ ಬಾಳೀತು.

ಇದು ಕಾಸರಗೋಡಿನೊಂದರ ಕತೆಯಲ್ಲ. ಜತ್ತ, ಅಕ್ಕಲಕೋಟೆಯಲ್ಲಿ ಮರಾಠಿಯ ನಡುವೆ, ಆದವಾನಿ, ಮಡಕಶಿರದಲ್ಲಿ ತೆಲುಗಿನ ನಡುವೆ, ತಾಳವಾಡಿಯಲ್ಲಿ ತಮಿಳಿನ ನಡುವೆ ಕನ್ನಡ ಓದುವ ಮಕ್ಕಳ ಪಾಡೂ ಇದೇ. ಗಡಿಭಾಗದ ಕನ್ನಡ ತರಗತಿಗಳಲ್ಲಿ ಕುರ್ಚಿ ಖಾಲಿಯಾಗುತ್ತಿದೆ ಎಂಬ ಚಿಂತೆ ಎಲ್ಲರಲ್ಲೂ ಇದೆ. ಕುರ್ಚಿ ತುಂಬಿದರೆ ಸಾಲದು. ಕೂತವನ ಕೈಗೆ ಸರಿಯಾದ ಪುಸ್ತಕ ಸಿಗಬೇಕು. ತಪ್ಪು ಪುಟದಲ್ಲಿ ಓದಿದ ಗೋವಿಂದ ಪೈಯನ್ನು ತಿದ್ದಲು ಬೆಂಗಳೂರಿನವರಿಗೆ ಪುರುಸೊತ್ತಿಲ್ಲ, ತಿರುವನಂತಪುರದವರಿಗೆ ಅದು ಕಾಣುವುದೇ ಇಲ್ಲ. ತಿದ್ದಬೇಕಾದವರು ಮಂಜೇಶ್ವರದವರೇ.